ಪುಣೆಯಿಂದ ಗೋವಾಕ್ಕೆ ದೋಸ್ತರ ಜೊತೆ ರೈಡ್: ದಾರಿಯಲ್ಲೇ ಗಾಡಿ ಅದಲು ಬದಲು ಮಾಡಿ ನಿಮಗೆ ಯಾವುದು ಸರಿ ಅಂತ ಪತ್ತೆ ಹಚ್ಚೋದು ಹೇಗೆ

ಬೈಕ್ ತಗೊಳ್ಳೋ ಮುಂಚೆ ಎಲ್ಲರೂ ಮಾಡೋದು ಒಂದೇ ಕೆಲಸ, ರಾತ್ರಿಯೆಲ್ಲ ರಿವ್ಯೂ ವಿಡಿಯೋ ನೋಡೋದು, ಶನಿವಾರ ಶೋರೂಮಿಗೆ ಹೋಗಿ ಬಾಣೇರ್ ಟ್ರಾಫಿಕ್ಕಲ್ಲಿ ಒಂದು ರೌಂಡ್ ಟೆಸ್ಟ್ ರೈಡ್ ಹೊಡೆಯೋದು, ಟೋಕನ್ ಕೊಟ್ಟು ಬರೋದು. ಆ ಒಂದು ರೌಂಡಲ್ಲಿ ಗೊತ್ತಾಗೋದು ಹಾರ್ನ್ ಹೆಂಗಿದೆ, ಮೀಟರ್ ಚೆಂದ ಇದೆಯಾ ಅನ್ನೋದಷ್ಟೇ. ಸೀಟು ಕಚ್ಚೋಕೆ ಶುರು ಮಾಡೋದು ಮೂರನೇ ತಾಸಿಗೆ, ಅಂಗೈ ಜೋಮು ಹಿಡಿಯೋದು ಕರಾಡ್ ದಾಟಿದ ಮೇಲೆ, ಎದೆಗೆ ಗಾಳಿ ಹೊಡೆದು ಕತ್ತು ಸೋಲೋದು ಅದಕ್ಕಿಂತ ಆಮೇಲೆ. ಇದನ್ನ ಯಾವ ಶೋರೂಮೂ ತೋರಿಸಲ್ಲ, ತೋರಿಸೋಕೆ ಆಗೋದೂ ಇಲ್ಲ.

ಟೂರಿಂಗ್ ಗಾಡಿ ಹೋಲಿಸ್ಬೇಕು ಅಂದ್ರೆ ಒಂದೇ ದಿನ, ಒಂದೇ ರಸ್ತೆ, ಒಂದೇ ತೂಕದ ಲಗೇಜು ಇರಬೇಕು, ಗಾಡಿ ಮಾತ್ರ ಬೇರೆ ಬೇರೆ ಇರಬೇಕು. ಅದಕ್ಕೆ ದೋಸ್ತರು ಬೇಕು, ಅವರ ಹತ್ರ ಬೇರೆ ಬೇರೆ ಗಾಡಿ ಬೇಕು, ಮತ್ತೆ ಎಲ್ಲ ಥರದ ರಸ್ತೆನೂ ಇರೋ ಒಂದು ರೂಟು ಬೇಕು. ಪುಣೆಯಲ್ಲಿರೋ ನಮ್ಮಂಥವರಿಗೆ ಆ ರೂಟು ಸಿದ್ಧವಾಗೇ ಇದೆ: ಪುಣೆ, ಸಾತಾರಾ, ಕರಾಡ್, ಕೊಲ್ಹಾಪುರ, ನಿಪ್ಪಾಣಿ, ಆಜರಾ, ಅಂಬೋಲಿ, ಸಾವಂತವಾಡಿ, ಗೋವಾ. ಹೆಚ್ಚುಕಮ್ಮಿ 450 ಕಿಲೋಮೀಟರ್. ನಾಲ್ಕು ಲೇನ್ ಹೈವೇ ಇದೆ, ಕಬ್ಬಿನ ಗದ್ದೆ ನಡುವಿನ ಊರ ರಸ್ತೆ ಇದೆ, ಘಾಟ್ ಇದೆ, ಕೊನೆಗೆ ಗೋವಾದ ಸಣ್ಣ ಸಣ್ಣ ಓಣಿಗಳೂ ಇವೆ. ಮಧ್ಯದಲ್ಲಿ ಕೊಗನೊಳಿ ಟೋಲ್ ದಾಟಿದ ಮೇಲೆ ಸ್ವಲ್ಪ ಹೊತ್ತು ಬೋರ್ಡುಗಳೆಲ್ಲ ಕನ್ನಡಕ್ಕೆ ತಿರುಗ್ತವೆ, ಅದು ಬೋನಸ್ಸು.

ಜನ ಯಾರು, ಗಾಡಿ ಯಾವುದು

ನಾಲ್ಕು ಜನ, ನಾಲ್ಕು ಗಾಡಿ. ಇದಕ್ಕಿಂತ ಜಾಸ್ತಿ ಆದ್ರೆ ಅದು ರೈಡ್ ಆಗಲ್ಲ, ಬರಾತ್ ಆಗುತ್ತೆ, ಪ್ರತಿ ಚಹಾ ಬ್ರೇಕಿಗೂ ನಲವತ್ತು ನಿಮಿಷ ಹೋಗುತ್ತೆ. ನಾಲ್ಕಕ್ಕೆ ಇನ್ನೊಂದು ಲೆಕ್ಕಾಚಾರನೂ ಇದೆ, ಅದನ್ನ ಮುಂದೆ ಹೇಳ್ತೀನಿ.

ಗಾಡಿಗಳು ಒಂದೇ ಜಾತಿಯವು ಆಗಿರಬಾರದು. ನಾಲ್ಕೂ 350 ಸಿಸಿ ಕ್ಲಾಸಿಕ್ ಥರದವೇ ಆದ್ರೆ ಹೋಲಿಸೋಕೆ ಏನು ಉಳಿಯುತ್ತೆ? ನಾವು ಹೋಗುವಾಗ ಸಾಮಾನ್ಯವಾಗಿ ಇರೋದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಟ್ರಯಂಫ್ ಸ್ಪೀಡ್ 400, ಹಿಮಾಲಯನ್ 450, ಹೀರೋ ಎಕ್ಸ್‌ಪಲ್ಸ್ 200 4ವಿ. ನಾಲ್ಕು ಗಾಡಿ, ನಾಲ್ಕು ಸ್ವಭಾವ. ಇದ್ರಲ್ಲಿ ಸ್ಪೀಡ್ 400 ನಮ್ಮ ಪುಣೆ ಪಕ್ಕದ ಚಾಕಣ್‌ನಲ್ಲೇ ಬಜಾಜ್ ಫ್ಯಾಕ್ಟರಿಯಲ್ಲಿ ತಯಾರಾಗೋದು, ಕೆಟಿಎಂ ಮತ್ತು ಡಾಮಿನಾರ್ ಕೂಡ ಅಲ್ಲಿಂದಾನೇ ಬರೋದು. ನಿಮ್ಮ ಹತ್ರ ಡಾಮಿನಾರ್ 400 ಇದ್ರೆ, ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಇದ್ರೆ, ಹೋಂಡಾ ಸಿಬಿ 350 ಇದ್ರೆ ಇನ್ನೂ ಒಳ್ಳೇದು.

ಜನರ ವಿಷಯಕ್ಕೆ ಬಂದ್ರೆ, ಗಾಡಿ ಕೊಡೋ ಮನಸ್ಸಿಲ್ಲದವನನ್ನ ಬಲವಂತ ಮಾಡಬೇಡಿ. "ಏ ನನ್ನ ಗಾಡಿ ಯಾರಿಗೂ ಕೊಡಾಂಗಿಲ್ಲ ನೋಡಪಾ" ಅಂತ ಮೊದಲೇ ಹೇಳೋನು ಪ್ರಾಮಾಣಿಕ, ಅವನ ಜೊತೆ ಬೇರೆ ರೈಡ್ ಹೋಗಿ. ಊಂ ಅಂದು ಕೊಟ್ಟು ಆಮೇಲೆ ದಾರಿಯುದ್ದಕ್ಕೂ ಹಿಂದೆ ಬಂದು "ಕ್ಲಚ್ ಹಿಡೀಬ್ಯಾಡ, ಕ್ಲಚ್ ಹಿಡೀಬ್ಯಾಡ" ಅಂತ ಕೂಗೋನ ಜೊತೆ ಕಷ್ಟ.

ಮುಂಬೈಯಿಂದ ಯಾರಾದ್ರೂ ಸೇರ್ಕೊಳ್ಳೋದಿದ್ರೆ ಅವರಿಗೆ ಮೊದಲೇ ಹೇಳಿ, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ಟೂ ವೀಲರ್ ಬಿಡಲ್ಲ, ಅಟಲ್ ಸೇತು, ಬಾಂದ್ರಾ–ವರ್ಲಿ ಸೀ ಲಿಂಕ್, ಕೋಸ್ಟಲ್ ರೋಡ್ ಮೇಲೂ ಬಿಡಲ್ಲ. ಮ್ಯಾಪ್ ಕಾರಿನ ದಾರಿ ತೋರಿಸ್ತು ಅಂತ ನುಗ್ಗಿದ್ರೆ ದಂಡ ಗ್ಯಾರಂಟಿ. ಹಳೇ ಹೈವೇ ಹಿಡಿದು ಖೋಪೋಲಿ, ಲೋಣಾವಳಾ ಮೇಲೆ ಹಿಂದಿನ ರಾತ್ರಿನೇ ಪುಣೆಗೆ ಬಂದು ಮಲಗಿಬಿಟ್ರೆ ಒಳ್ಳೇದು, ಬೆಳಗ್ಗೆ ಅವರಿಗಾಗಿ ಉಳಿದವರು ಕಾಯೋದು ತಪ್ಪುತ್ತೆ.

ಯಾವಾಗ ಹೋಗ್ಬೇಕು

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ತನಕ. ಮಳೆಗಾಲದ ಅಂಬೋಲಿ ನೋಡೋಕೆ ಸ್ವರ್ಗ, ಆದ್ರೆ ಗಾಡಿ ಹೋಲಿಸೋಕೆ ಅಲ್ಲ, ಮಂಜಲ್ಲಿ ಮುಂದಿನ ಗಾಡಿಯ ಟೈಲ್ ಲ್ಯಾಂಪೇ ಕಾಣಲ್ಲ, ಜಲಪಾತದ ಹತ್ರ ಜನ, ಕಾರು, ಮಂಗ ಎಲ್ಲ ಒಟ್ಟಿಗೆ ರಸ್ತೆ ಮೇಲೆ ಇರ್ತವೆ.

ಚಳಿಗಾಲದಲ್ಲಿ ಒಂದು ಅಪಾಯ ಇದೆ, ಇದನ್ನ ಯಾರೂ ಅಷ್ಟಾಗಿ ಹೇಳಲ್ಲ. ನವೆಂಬರಿಂದ ಕಬ್ಬಿನ ಹಂಗಾಮು. ಸಾತಾರಾದಿಂದ ಆಜರಾ ತನಕ ಎಲ್ಲ ಸಕ್ಕರೆ ಕಾರ್ಖಾನೆ ಸೀಮೆ. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರ್ಯಾಲಿ, ಮೇಲೆ ಆಳೆತ್ತರ ಕಬ್ಬು, ಹಿಂದೆ ಲೈಟೂ ಇರಲ್ಲ, ರಿಫ್ಲೆಕ್ಟರ್ ಇದ್ರೂ ಕಬ್ಬು ಜೋತುಬಿದ್ದು ಮುಚ್ಚಿರುತ್ತೆ. ಹಗಲಲ್ಲಿ ಕಾಣುತ್ತೆ, ಕತ್ತಲಾದ ಮೇಲೆ ಹತ್ತಿರ ಬಂದಾಗಲೇ ಗೊತ್ತಾಗೋದು. ಮೇಲಿಂದ ಬಿದ್ದ ಕಬ್ಬಿನ ಜಲ್ಲೆ ರಸ್ತೆ ಮೇಲೆ ಚಪ್ಪಟೆಯಾಗಿ ರಸ ಬಿಟ್ಟಿರುತ್ತೆ, ತಿರುವಲ್ಲಿ ಅದರ ಮೇಲೆ ಮುಂದಿನ ಚಕ್ರ ಹತ್ತಿದ್ರೆ ಜಾರೋದೇ. ಹಂಗಾಗಿ ಈ ರೂಟಲ್ಲಿ ಸೂರ್ಯ ಮುಳುಗಿದ ಮೇಲೆ ಓಡಿಸೋದೇ ಬೇಡ, ಬೆಳಗ್ಗೆ ಐದಕ್ಕೆ ಹೊರಡಿ, ಸಂಜೆ ಆರರೊಳಗೆ ಗೋವಾ ಮುಟ್ಟಿ.

ಕಾಗದ, ಇನ್ಶೂರೆನ್ಸ್, ದುಡ್ಡಿನ ಮಾತು

ಇದು ಬೋರು, ಆದ್ರೆ ಗಾಡಿ ಬದಲಾಯಿಸ್ಕೊಳ್ಳೋರಿಗೆ ಇದೇ ಮುಖ್ಯ. ನಾಲ್ಕೂ ಜನರ ಹತ್ರ ಗೇರ್ ಇರೋ ಮೋಟರ್‌ಸೈಕಲ್ಲಿನ ಪಕ್ಕಾ ಲೈಸೆನ್ಸ್ ಇರಬೇಕು, ಲರ್ನರ್ ನಡೆಯಲ್ಲ. ಡಿಜಿಲಾಕರಲ್ಲಿ ಇದ್ರೆ ಸಾಕು. ಆದ್ರೆ ಬೇರೆಯವರ ಗಾಡಿ ನಿಮ್ಮ ಕೈಯಲ್ಲಿದ್ದಾಗ ಆರ್‌ಸಿ ನಿಮ್ಮ ಡಿಜಿಲಾಕರಲ್ಲಿ ಇರಲ್ಲವಲ್ಲ, ಹಾಗಾಗಿ ನಾಲ್ಕೂ ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಪಿಯುಸಿ ಕಾಪಿನ ಆಯಾ ಗಾಡಿಯ ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಲ್ಲಿ ಇಟ್ಟುಬಿಡಿ.

ಇನ್ನು ಇನ್ಶೂರೆನ್ಸ್. ಥರ್ಡ್ ಪಾರ್ಟಿ ಅನ್ನೋದು ಗಾಡಿ ಜೊತೆ ಹೋಗುತ್ತೆ, ಲೈಸೆನ್ಸ್ ಇರೋ ಯಾರು ಓಡಿಸಿದ್ರೂ ನಡೆಯುತ್ತೆ. ಆದ್ರೆ ಪಾಲಿಸಿ ಜೊತೆ ಬರೋ 15 ಲಕ್ಷದ ಪರ್ಸನಲ್ ಆ್ಯಕ್ಸಿಡೆಂಟ್ ಕವರ್ ಇದೆಯಲ್ಲ, ಅದು ಓನರ್ ಕಮ್ ಡ್ರೈವರಿಗೆ ಮಾತ್ರ. ಅಂದ್ರೆ ದೋಸ್ತನ ಗಾಡಿ ಓಡಿಸೋವಾಗ ನಿಮಗೆ ಏನಾದ್ರೂ ಆದ್ರೆ ಅವನ ಪಾಲಿಸಿಯ ಆ ಕವರ್ ನಿಮಗೆ ಸಿಗಲ್ಲ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಹೆಸರಲ್ಲಿ ಬೇರೆಯಾಗಿ ಒಂದು ಪರ್ಸನಲ್ ಆ್ಯಕ್ಸಿಡೆಂಟ್ ಪಾಲಿಸಿ ಮಾಡಿಸ್ಕೊಳ್ಳಿ, ಯಾವ ಗಾಡಿ ಮೇಲೆ ಕೂತಿದ್ರೂ ನಡೆಯೋ ಥರದ್ದು, ಪ್ರೀಮಿಯಂ ಅಷ್ಟೇನೂ ಇರಲ್ಲ.

ಗಾಡಿ ಬಿದ್ರೆ ಖರ್ಚು ಯಾರದ್ದು ಅನ್ನೋದನ್ನ ಹೊರಡೋ ಹಿಂದಿನ ದಿನಾನೇ ಮಾತಾಡಿ. ನಮ್ಮಲ್ಲಿ ನಿಯಮ ಸರಳ: ಬೀಳಿಸಿದವನೇ ರಿಪೇರಿ ಕೊಡಬೇಕು, ಕ್ಲೇಮ್ ಹಾಕೋದಾದ್ರೆ ಓನರಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಹೋಗುತ್ತಲ್ಲ ಅದನ್ನೂ ತುಂಬಿಕೊಡಬೇಕು. ಲಿವರ್ ಮುರಿಯೋದು, ಇಂಡಿಕೇಟರ್ ಒಡೆಯೋದು, ಟ್ಯಾಂಕ್ ಮೇಲೆ ಡೆಂಟು, ಇವೆಲ್ಲ ಸಣ್ಣವೇ, ಆದ್ರೆ ಮೊದಲೇ ಮಾತಾಡದೇ ಇದ್ರೆ ಇಂಥ ಸಣ್ಣದಕ್ಕೇ ದೋಸ್ತಿ ಕೆಡೋದು.

ಗಾಡಿ ತಯಾರಿ

ಸರ್ವೀಸ್ ಮಾಡಿಸೋದಾದ್ರೆ ಹೊರಡೋಕೆ ಒಂದು ವಾರ ಮುಂಚೆ ಮಾಡಿಸಿ, ಹಿಂದಿನ ದಿನ ಬೇಡ. ಬೋಲ್ಟ್ ಸಡಿಲ ಬಿಟ್ಟಿದ್ರೆ, ಬ್ರೇಕ್ ಸರಿಯಾಗಿ ಕೂತಿಲ್ಲ ಅಂದ್ರೆ ಆ ವಾರದ ಆಫೀಸ್ ಓಡಾಟದಲ್ಲೇ ಗೊತ್ತಾಗ್ಬಿಡುತ್ತೆ.

ಚೈನ್ ನೀವೇ ನೋಡ್ಕೊಳ್ಳಿ. ಗಾಡಿ ನ್ಯೂಟ್ರಲಲ್ಲಿ ಹಾಕಿ, ಎರಡು ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ನಡುವೆ ಕೆಳಗಿನ ಚೈನನ್ನ ಒಂದು ಬೆರಳಿಂದ ಮೇಲೆ ಒತ್ತಿ, ಬಿಡಿ, ಎಷ್ಟು ಆಡುತ್ತೆ ಅಂತ ಸ್ಕೇಲ್ ಇಟ್ಟು ನೋಡಿ. ಬಹಳ ರಸ್ತೆ ಬೈಕಿಗೆ 25ರಿಂದ 35 ಮಿಲಿಮೀಟರ್ ಒಳಗೆ ಬರುತ್ತೆ, ಎಕ್ಸ್‌ಪಲ್ಸ್, ಹಿಮಾಲಯನ್ ಥರ ಸಸ್ಪೆನ್ಷನ್ ಉದ್ದ ಇರೋದಕ್ಕೆ ಸ್ವಲ್ಪ ಜಾಸ್ತಿ ಬಿಡ್ತಾರೆ, ನಿಖರ ಸಂಖ್ಯೆ ನಿಮ್ಮ ಗಾಡಿ ಮ್ಯಾನ್ಯುಯಲಲ್ಲಿ ಇರುತ್ತೆ. ಆಮೇಲೆ ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಇನ್ನೂ ಎರಡು ಮೂರು ಕಡೆ ಹಂಗೇ ಒತ್ತಿ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ರೆ ಆ ಚೈನ್ ಮುಗೀತಾ ಬಂದಿದೆ ಅಂತಾನೇ ಅರ್ಥ, ಟೈಟ್ ಮಾಡಿ ಪ್ರಯೋಜನ ಇಲ್ಲ. ಚೈನ್ ಲ್ಯೂಬ್ ಒಂದು ಡಬ್ಬಿ ನಾಲ್ಕು ಜನಕ್ಕೂ ಸಾಕು, 500 ಕಿಲೋಮೀಟರಿಗೊಮ್ಮೆ, ಅಂದ್ರೆ ಗೋವಾ ಮುಟ್ಟಿದ ಸಂಜೆ ಚೈನ್ ಬಿಸಿ ಇರುವಾಗಲೇ ಹಾಕಿ ಮಲಗಿ.

ಪಂಕ್ಚರ್ ವಿಷಯದಲ್ಲಿ ನಾಲ್ಕೂ ಗಾಡಿ ಒಂದೇ ಅಲ್ಲ, ಇದೂ ಹೋಲಿಕೆಯ ಭಾಗಾನೇ. ಸ್ಪೀಡ್ 400ಕ್ಕೆ ಅಲಾಯ್, ಟ್ಯೂಬ್‌ಲೆಸ್, ರಸ್ತೆ ಪಕ್ಕ ಹತ್ತು ನಿಮಿಷದಲ್ಲಿ ದಾರ ತೂರಿಸಿ ಗಾಳಿ ಹಾಕಿ ಹೊರಡಬಹುದು. ಎಕ್ಸ್‌ಪಲ್ಸಿಗೆ ಸ್ಪೋಕ್, ಟ್ಯೂಬು, ಮುಂದೆ 21 ಇಂಚು ಹಿಂದೆ 18. ಕ್ಲಾಸಿಕ್ಕಲ್ಲೂ ಹಿಮಾಲಯನಲ್ಲೂ ಯಾವ ವೇರಿಯಂಟ್ ಅನ್ನೋದರ ಮೇಲೆ ಟ್ಯೂಬೋ ಟ್ಯೂಬ್‌ಲೆಸ್ಸೋ. ಟ್ಯೂಬ್ ಇರೋ ಗಾಡಿಗೆ ಎಕ್ಸ್‌ಟ್ರಾ ಟ್ಯೂಬು ಜೊತೆಗೇ ಇರಲಿ, 21 ಇಂಚಿನ ಟ್ಯೂಬು ಆಜರಾದ ಪಂಕ್ಚರ್ ಅಂಗಡಿಯಲ್ಲಿ ಸಿಗುತ್ತೆ ಅಂತ ನಂಬ್ಕೊಂಡು ಹೋಗಬೇಡಿ. ಇನ್ನು ಕ್ಲಚ್ ಕೇಬಲ್, ಫ್ಯೂಸ್, ಪೋರ್ಟಬಲ್ ಪಂಪು, ಗಾಡಿ ಜೊತೆ ಬಂದ ಟೂಲ್ ಕಿಟ್, ಇಷ್ಟಿದ್ರೆ ಸಾಕು. ಟೈರ್ ಗಾಳಿ ಬೆಳಗ್ಗೆ ಟೈರ್ ತಣ್ಣಗಿರುವಾಗ ಮ್ಯಾನ್ಯುಯಲಲ್ಲಿ ಹೇಳಿದಷ್ಟೇ ಹಾಕಿ, ನಾಲ್ಕೂ ಗಾಡಿಗೆ. ಒಂದು ಗಾಡಿ ಟೈರಲ್ಲಿ ಗಾಳಿ ಕಮ್ಮಿ ಇದ್ದು ಅದು "ಹ್ಯಾಂಡ್ಲಿಂಗ್ ಸರಿ ಇಲ್ಲ" ಅನ್ನಿಸ್ಕೊಂಡ್ರೆ ಪಾಪ ಅದರ ತಪ್ಪೇನು.

ಲಗೇಜು: ನಾಲ್ಕೂ ಗಾಡಿಗೆ ಹೆಚ್ಚುಕಮ್ಮಿ ಒಂದೇ ತೂಕ, ಎಂಟು ಹತ್ತು ಕೆಜಿ. ಬ್ಯಾಗು ಗಾಡಿಗೆ ಕಟ್ಟಿದ್ದು ಗಾಡಿಯಲ್ಲೇ ಇರಲಿ, ಜನ ಮಾತ್ರ ಬದಲಾಗಲಿ. ಪ್ರತಿ ಸಲ ಬಂಜಿ ಹಗ್ಗ ಬಿಚ್ಚಿ ಕಟ್ಟೋಕೆ ಹೋದ್ರೆ ಅರ್ಧ ದಿನ ಅದಕ್ಕೇ ಹೋಗುತ್ತೆ. ಪರ್ಸು, ಫೋನು, ಲೈಸೆನ್ಸು, ನೀರು ಇವನ್ನ ಸೊಂಟದ ಪೌಚಲ್ಲಿ ಹಾಕ್ಕೊಂಡ್ರೆ ನಿಮ್ಮ ಜೊತೆ ಬರ್ತವೆ. ಹೆಲ್ಮೆಟ್ ಐಎಸ್ಐ ಮಾರ್ಕಿಂದು, ಜಾಕೆಟ್ಟು, ಗ್ಲೌಸು, ಪಾದದ ಗಿಣ್ಣು ಮುಚ್ಚೋ ಬೂಟು, ಇದ್ರಲ್ಲಿ ಚರ್ಚೆ ಬೇಡ.

ಹೈವೇ ಮೇಲೆ

ನವಲೆ ಬ್ರಿಡ್ಜ್ ಇಳಿಜಾರು ಬೆಳಗಿನ ಜಾವ ಖಾಲಿ ಕಂಡ್ರೂ ನಂಬಬೇಡಿ, ಅಲ್ಲಿ ಬ್ರೇಕ್ ಹಿಡಿಯದ ಟ್ರಕ್ಕುಗಳ ಕಥೆ ಪುಣೆಯವರಿಗೆಲ್ಲ ಗೊತ್ತು. ಹಾಗಾಗಿ ಸೇರೋ ಜಾಗ ಅದನ್ನ ದಾಟಿದ ಮೇಲೆ ಇರಲಿ, ಖೇಡ್ ಶಿವಾಪುರ ಕಡೆ. ಅಲ್ಲಿಂದ ಸಾತಾರಾ ತನಕ ಎಲ್ಲರೂ ತಂತಮ್ಮ ಗಾಡಿ ಮೇಲೇ. ಖಂಬಾಟ್ಕಿ ಘಾಟ್ ರಸ್ತೆ ಹತ್ತೋದಾದ್ರೆ ಅಲ್ಲಿ ಲೋಡ್ ಟ್ರಕ್ಕು ಆಮೆ ಥರ ಹತ್ತುತ್ತಾ ಇರ್ತವೆ, ಎಡದಿಂದ ಓವರ್‌ಟೇಕ್ ಮಾಡೋ ಚಟ ಬೇಡ.

ಮುಂದೆ ಒಬ್ಬ ಲೀಡ್, ಕೊನೆಗೆ ಒಬ್ಬ ಸ್ವೀಪ್. ಲೀಡ್ ಮಾಡೋನು ಚಿಕ್ಕ ಗಾಡಿ ಮೇಲಿರೋನು, ನಮ್ಮಲ್ಲಿ ಎಕ್ಸ್‌ಪಲ್ಸ್. ದೊಡ್ಡ ಗಾಡಿ ಮುಂದಿದ್ರೆ ಚಿಕ್ಕ ಗಾಡಿಯವನು ಇಡೀ ದಿನ ಥ್ರಾಟಲ್ ಪೂರ್ತಿ ತಿರುಗಿಸಿಕೊಂಡೇ ಬರಬೇಕಾಗುತ್ತೆ, ಅವನಿಗೆ ಸುಸ್ತು, ಗಾಡಿಗೂ ಸುಸ್ತು, ಆಮೇಲೆ ಸಂಜೆ "ಈ ಗಾಡಿ ಟೂರಿಂಗಿಗೆ ಬರಲ್ಲ" ಅಂತ ತಪ್ಪು ತೀರ್ಪು. ಹೈವೇನಲ್ಲಿ ಒಬ್ಬ ಲೇನಿನ ಎಡಕ್ಕೆ, ಹಿಂದಿನವನು ಬಲಕ್ಕೆ, ಮಧ್ಯೆ ಎರಡು ಸೆಕೆಂಡಿನ ಅಂತರ. ಘಾಟಲ್ಲಿ ಒಬ್ಬರ ಹಿಂದೆ ಒಬ್ಬರು. ಹಿಂದಿನವನ ಹೆಡ್‌ಲೈಟ್ ನಿಮ್ಮ ಕನ್ನಡಿಯಲ್ಲಿ ಕಾಣ್ತಿರಬೇಕು, ಕಾಣದಿದ್ರೆ ನಿಧಾನ ಮಾಡಿ, ರಸ್ತೆ ತಿರುಗೋ ಜಾಗದಲ್ಲಿ ಅವನು ನಿಮ್ಮನ್ನ ನೋಡೋ ತನಕ ನಿಂತ್ಕೊಳ್ಳಿ. ಇದೊಂದು ಪಾಲಿಸಿದ್ರೆ "ಎಲ್ಲಿದೀಯೋ" ಅಂತ ಫೋನ್ ಮಾಡೋ ಪ್ರಮೇಯನೇ ಬರಲ್ಲ.

ನಾಲ್ಕು ಲೇನ್ ಹೈವೇನಲ್ಲಿ ಬೈಕಿಗೆ ಕೇಂದ್ರ ಸರ್ಕಾರ ಹಾಕಿರೋ ಮಿತಿ ಗಂಟೆಗೆ 80. ಇದನ್ನ ಕೇಳಿ ಕೆಲವರು ನಗ್ತಾರೆ. ಆದ್ರೆ ಯೋಚನೆ ಮಾಡಿ, ದಿನವಿಡೀ ಓಡಿಸೋ ಸ್ಪೀಡು ಅದೇ ಆದಮೇಲೆ ಯಾವುದು 150 ಹೋಗುತ್ತೆ ಅನ್ನೋ ಮಾತು ಯಾಕೆ? ನೋಡಬೇಕಾದ್ದು 80ರಲ್ಲಿ ಯಾವ ಗಾಡಿ ಆರಾಮಾಗಿದೆ, ಯಾವುದು ಒದ್ದಾಡ್ತಿದೆ, 50ರಲ್ಲಿ ಹೋಗ್ತಿರೋ ಟ್ರಕ್ ದಾಟೋಕೆ 80ಕ್ಕೆ ಏರುವಾಗ ಗೇರ್ ಇಳಿಸಬೇಕಾ ಬೇಡ್ವಾ ಅನ್ನೋದು. ಇನ್ನು ಸಾತಾರಾ–ಕಾಗಲ್ ಮಧ್ಯೆ ರಸ್ತೆ ಅಗಲ ಮಾಡೋ ಕೆಲಸದ ಡೈವರ್ಷನ್‌ಗಳು, ಮಣ್ಣು, ಅರ್ಧ ಕಟ್ಟಿದ ಫ್ಲೈಓವರ್ ಎಲ್ಲ ನೋಡಿದವರಿಗೆ 80 ಸಿಕ್ಕಿದ್ರೂ ಪುಣ್ಯ ಅನ್ನಿಸುತ್ತೆ.

ಅದಲು ಬದಲು

ನಾಲ್ಕು ಜನರ ಲೆಕ್ಕ ಈಗ ನೋಡಿ. ಪುಣೆಯಿಂದ ಸಾತಾರಾ ಸ್ವಂತ ಗಾಡಿ. ಸಾತಾರಾ–ಕರಾಡ್ ಎರಡನೇ ಗಾಡಿ, ಕರಾಡ್–ಕೊಲ್ಹಾಪುರ ಮೂರನೇದು, ಕೊಲ್ಹಾಪುರ–ನಿಪ್ಪಾಣಿ ನಾಲ್ಕನೇದು. ಪ್ರತಿ ಸಲ ಅದೇ ಕ್ರಮದಲ್ಲಿ ಸುತ್ತ ನಿಂತು ಬೀಗದ ಕೈನ ಬಲಗಡೆಯವನಿಗೆ ದಾಟಿಸ್ತಾ ಹೋದ್ರೆ ನಿಪ್ಪಾಣಿ ಮುಟ್ಟೋವಷ್ಟರಲ್ಲಿ ನಾಲ್ವರೂ ನಾಲ್ಕೂ ಗಾಡಿನ ಹೈವೇ ಮೇಲೆ ಓಡಿಸಿರ್ತಾರೆ. ಪ್ರತಿ ತುಂಡೂ ಹೆಚ್ಚುಕಮ್ಮಿ 40 ಕಿಲೋಮೀಟರ್ ಅಥವಾ ಅದಕ್ಕಿಂತ ಜಾಸ್ತಿ, ಅಷ್ಟಾದ್ರೂ ಇಲ್ಲದಿದ್ರೆ ಮೈಗೆ ಏನೂ ತಿಳಿಯಲ್ಲ.

ಬೀಗದ ಕೈ ಕೊಡೋವಾಗ ಅವಸರ ಬೇಡ. ಚಹಾ ಕುಡಿದು ಲೋಟ ಇಟ್ಟ ಮೇಲೆ ಓನರ್ ಗಾಡಿ ಪಕ್ಕ ನಿಂತು ಮೂರೇ ಮಾತು ಹೇಳಬೇಕು: ಕ್ಲಚ್ ಎಲ್ಲಿ ಹಿಡಿಯುತ್ತೆ, ಮುಂದಿನ ಬ್ರೇಕ್ ಎಷ್ಟು ಚುರುಕು, ಸೈಡ್ ಸ್ಟ್ಯಾಂಡಿನ ಚಾಳಿ ಏನು. "ಬ್ರೇಕ್ ಒಂದs ಬಟ್ಟಿಲೆ ಹಿಡಿ, ಎರಡು ಹಾಕಿದ್ರ ಮೂಗು ನೆಲಕ್ಕ ಹಚ್ಚತೈತಿ" ಅಂತ ನಮ್ಮ ಹುಬ್ಬಳ್ಳಿ ದೋಸ್ತ ತನ್ನ ಸ್ಪೀಡ್ 400 ಬಗ್ಗೆ ಹೇಳೋದು ಯಾವ ಮ್ಯಾನ್ಯುಯಲಲ್ಲೂ ಸಿಗಲ್ಲ. ಆಮೇಲೆ ತಗೊಂಡವನು ಕೂತು, ಎರಡೂ ಕಾಲು ನೆಲಕ್ಕೆ ಎಷ್ಟು ತಾಗ್ತವೆ ನೋಡಿ, ಕನ್ನಡಿ ಎರಡೂ ತನ್ನ ಎತ್ತರಕ್ಕೆ ತಿರುಗಿಸಿ, ಹೋಟ್ಲ ಮುಂದಿನ ಮಣ್ಣಲ್ಲೇ ಒಂದು ಯೂ ಟರ್ನ್ ಹಾಕಿ, ಎರಡು ಸಲ ಬ್ರೇಕ್ ಹಿಡಿದು ನೋಡಿ, ಆಮೇಲೆ ಹೈವೇ ಹತ್ತಬೇಕು. ಮೊದಲ ಐದು ಕಿಲೋಮೀಟರ್ ಎಡ ಲೇನಲ್ಲಿ ನಿಧಾನ.

ನಿಂತ ಮೇಲೆ ಒಂದು ಕಟ್ಟುನಿಟ್ಟು: ಯಾರೂ ಮಾತಾಡೋ ಹಾಗಿಲ್ಲ. ಹೆಲ್ಮೆಟ್ ತೆಗೆದ ತಕ್ಷಣ ಪ್ರತಿಯೊಬ್ಬರೂ ಆ ಕಡೆ ಹೋಗಿ ಫೋನಲ್ಲಿ ತಮಗೇ ಒಂದು ನಿಮಿಷದ ವಾಯ್ಸ್ ನೋಟ್ ಮಾಡ್ಕೊಳ್ಳಬೇಕು. ಅಂಗೈ, ಕುಂಡೆ, ಮೊಣಕಾಲು, ಕತ್ತು ಹೇಗಿವೆ, 80ರಲ್ಲಿ ಗಾಳಿ ಎಲ್ಲಿಗೆ ಹೊಡೀತು, ಟ್ರಕ್ ದಾಟೋವಾಗ ಧೈರ್ಯ ಬಂತಾ, ಹೊಂಡ ಬಂದಾಗ ಬೆನ್ನಿಗೆ ಬಂತಾ. ಅಷ್ಟೇ. ಯಾಕಂದ್ರೆ ಪ್ರತಿ ಗುಂಪಲ್ಲೂ ಒಬ್ಬ ಜೋರು ದನಿಯವನು ಇರ್ತಾನೆ, ಅವನು "ಬಾಳ ಭಾರಿ ಐತಿ ಗಾಡಿ" ಅಂದ್ರೆ ಐದು ನಿಮಿಷದಲ್ಲಿ ಎಲ್ಲರಿಗೂ ಅದು ಭಾರಿ ಅನ್ನಿಸೋಕೆ ಶುರುವಾಗುತ್ತೆ.

ಮೈಲೇಜು ಲೆಕ್ಕ ಹಾಕೋಕೂ ಈ ಪದ್ಧತಿನೇ ಚೆಂದ. ಹಿಂದಿನ ರಾತ್ರಿ ಪುಣೆಯಲ್ಲಿ ಫುಲ್ ಟ್ಯಾಂಕ್, ಗಾಡಿ ನೆಟ್ಟಗೆ ನಿಲ್ಲಿಸಿ, ಸೈಡ್ ಸ್ಟ್ಯಾಂಡ್ ಮೇಲೆ ವಾಲಿಸಿ ಅಲ್ಲ. ನಿಪ್ಪಾಣಿಯಲ್ಲಿ ಮತ್ತೆ ಹಂಗೇ ನೆಟ್ಟಗೆ ನಿಲ್ಲಿಸಿ ಅದೇ ಮಟ್ಟಕ್ಕೆ ಫುಲ್. 275 ಕಿಲೋಮೀಟರಿಗೆ 9.2 ಲೀಟರ್ ಹಿಡಿದ್ರೆ ಲೀಟರಿಗೆ ಸುಮಾರು 30. ನಾಲ್ಕೂ ಗಾಡಿನ ನಾಲ್ವರೂ ಓಡಿಸಿರೋದ್ರಿಂದ "ಅವನು ಮೆತ್ತಗೆ ಓಡಿಸ್ತಾನೆ, ಅದಕ್ಕೇ ಅವನಿಗೆ ಜಾಸ್ತಿ ಬರುತ್ತೆ" ಅನ್ನೋ ವಾದಕ್ಕೆ ಹೆಚ್ಚು ಜಾಗ ಉಳಿಯಲ್ಲ. ಕ್ಲಾಸಿಕ್, ಸ್ಪೀಡ್, ಎಕ್ಸ್‌ಪಲ್ಸ್ ಮೂರಕ್ಕೂ 13 ಲೀಟರ್ ಟ್ಯಾಂಕು, ಹಿಮಾಲಯನ್ 450ಕ್ಕೆ 17, ಹಾಗಾಗಿ ನಿಪ್ಪಾಣಿ ತನಕ ಯಾವುದೂ ಕೈ ಕೊಡಲ್ಲ. ಮಹಾರಾಷ್ಟ್ರಕ್ಕಿಂತ ನಮ್ಮ ಕರ್ನಾಟಕದ ಕಡೆ ಪೆಟ್ರೋಲ್ ಸ್ವಲ್ಪ ಅಗ್ಗ ಅಂತ ಅಲ್ಲಿ ಎಂಎಚ್ ನಂಬರಿನ ಗಾಡಿಗಳ ಸಾಲೂ ಇರುತ್ತೆ. ಗೋವಾದಲ್ಲಿ ಅದಕ್ಕಿಂತಲೂ ಅಗ್ಗ.

ಯಾವ ಗಾಡಿ ಹೇಗೆ

ಇದು ನಮ್ಮ ಗುಂಪಿನ ಅಭಿಪ್ರಾಯ, ನಿಮ್ಮ ಮೈಗೆ ಬೇರೆ ಇರಬಹುದು.

ಕ್ಲಾಸಿಕ್ 350ದು 349 ಸಿಸಿ, ಶಕ್ತಿ 20 ಬಿಎಚ್‌ಪಿ ಆಸುಪಾಸು, ಟಾರ್ಕ್ ಅಂದ್ರೆ ಎಳೆಯೋ ಬಲ 27 ಎನ್‌ಎಂ, ತೂಕ 195 ಕೆಜಿ. ಕಾಗದದ ಮೇಲೆ ಇದು ಸೋತುಹೋಗೋ ಗಾಡಿ. ಆದ್ರೆ 75–80ರಲ್ಲಿ ಇದರ ಮೇಲೆ ಕೂತವನಿಗೆ ಅವಸರಾನೇ ಅನ್ನಿಸಲ್ಲ, ಐದು ಗೇರು, ಕೆಳಗಿನ ಟಾರ್ಕು, ಊರೊಳಗೆ ಸ್ಪೀಡ್ ಬ್ರೇಕರ್ ದಾಟಿದ ಮೇಲೂ ಗೇರ್ ಇಳಿಸೋ ಗೋಜಿಲ್ಲ. ಅದರಾಚೆ ಎಳೆದ್ರೆ ಫುಟ್‌ಪೆಗ್ಗಲ್ಲಿ ನಡುಕ ಶುರು. ಹಿಂದಿನ ಸಸ್ಪೆನ್ಷನ್ ಗಟ್ಟಿ, ಡೈವರ್ಷನ್ ಹೊಂಡಗಳು ಬೆನ್ನಿಗೆ ನೇರ ಬರ್ತವೆ.

ಸ್ಪೀಡ್ 400 ಇದಕ್ಕೆ ತದ್ವಿರುದ್ಧ. 398 ಸಿಸಿ, ಲಿಕ್ವಿಡ್ ಕೂಲ್, ಆರು ಗೇರು, 40 ಪಿಎಸ್ (ಇದೂ ಬಿಎಚ್‌ಪಿ ಥರ ಶಕ್ತಿಯ ಅಳತೆ), ಸೀಟಿನ ಎತ್ತರ 790 ಮಿಲಿಮೀಟರ್, ಕುಳ್ಳಗಿರೋರಿಗೂ ಕಾಲು ಸಿಗುತ್ತೆ. ಓವರ್‌ಟೇಕಲ್ಲಿ ಇದರಷ್ಟು ಮಜಾ ಬೇರೆ ಇಲ್ಲ. ಆದ್ರೆ ಮುಂದೆ ಗಾಳಿ ತಡೆಯೋಕೆ ಏನೂ ಇಲ್ಲ, ಎದೆನೇ ವಿಂಡ್‌ಶೀಲ್ಡು. ಕೊಲ್ಹಾಪುರ ಬರೋವಷ್ಟರಲ್ಲಿ ಕತ್ತು ಮಾತಾಡುತ್ತೆ. ಸಣ್ಣದೊಂದು ವೈಸರ್ ಹಾಕಿಸ್ಕೊಂಡ್ರೆ ಅರ್ಧ ಸಮಸ್ಯೆ ಮುಗಿಯುತ್ತೆ.

ಹಿಮಾಲಯನ್ 450 ಎಲ್ಲರಿಗೂ ಇಷ್ಟ ಆಗುತ್ತೆ, ನಿಲ್ಲಿಸೋ ತನಕ. 452 ಸಿಸಿ, 40 ಪಿಎಸ್, ರಾಯಲ್ ಎನ್‌ಫೀಲ್ಡಿನ ಮೊದಲ ಲಿಕ್ವಿಡ್ ಕೂಲ್ ಎಂಜಿನ್ ಇದು. ಎದುರಿಗೆ ಸ್ಕ್ರೀನ್ ಇದೆ, ನೆಟ್ಟಗೆ ಕೂರೋ ಭಂಗಿ, ಹೊಂಡ ಬಂದ್ರೆ ನಕ್ಕು ದಾಟುತ್ತೆ. ಆದ್ರೆ 196 ಕೆಜಿ, ಸೀಟು 825 ಮಿಲಿಮೀಟರ್, ಇಳಿಜಾರು ಪಾರ್ಕಿಂಗಲ್ಲಿ ಹಿಂದೆ ತಳ್ಳೋವಾಗ ಐದೂವರೆ ಅಡಿಯವನ ಮುಖ ನೋಡಬೇಕು. ಎಂಜಿನ್ ಕೆಳ ಆರ್‌ಪಿಎಂನಲ್ಲಿ ಸ್ವಲ್ಪ ಮಂಕು, ತಿರುಗಿಸಿದ ಮೇಲೇ ಎಚ್ಚರ ಆಗೋದು, ಕ್ಲಾಸಿಕ್ಕಿಂದ ಇಳಿದು ಇದನ್ನ ಹತ್ತಿದವನು ಮೊದಲ ಹತ್ತು ನಿಮಿಷ ಗೇರ್ ಹುಡುಕ್ತಾನೇ ಇರ್ತಾನೆ.

ಎಕ್ಸ್‌ಪಲ್ಸ್ 200 ಹೈವೇನಲ್ಲಿ ಪಾಪದ ಗಾಡಿ. 80ರಲ್ಲಿ ಐದನೇ ಗೇರಲ್ಲಿ ಎಂಜಿನ್ ದುಡೀತಾನೇ ಇರುತ್ತೆ, ಎದುರು ಗಾಳಿ ಇದ್ರೆ ಇನ್ನೂ, ಸೀಟು ಕಿರಿದು, ಗಟ್ಟಿ. ನಿಪ್ಪಾಣಿ ತನಕ ಎಲ್ಲರೂ ಇದಕ್ಕೆ ಕೊನೇ ನಂಬರ್ ಕೊಡ್ತಾರೆ. ನಿಪ್ಪಾಣಿಯಲ್ಲಿ ಹೈವೇ ಬಿಟ್ಟು ಉತ್ತೂರ, ಆಜರಾ ಕಡೆ ತಿರುಗಿದ ಮೇಲೆ ಕಥೆ ಬದಲಾಗುತ್ತೆ. ಕೆಟ್ಟ ಪ್ಯಾಚು, ಎಮ್ಮೆ, ದಿಢೀರ್ ತಿರುವು, ಅಲ್ಲಿ 160 ಕೆಜಿ ಹತ್ತಿರದ ಈ ಗಾಡಿ ಉಳಿದವನ್ನೆಲ್ಲ ಹಿಂದೆ ಹಾಕುತ್ತೆ. ಅದಕ್ಕೇ ನಿಪ್ಪಾಣಿ–ಅಂಬೋಲಿ ಮಧ್ಯೆ ಇನ್ನೊಂದೆರಡು ಸಲ ಬದಲಾಯಿಸಿ ಅನ್ನೋದು, ಹೈವೇ ಒಂದರ ಮೇಲೆ ತೀರ್ಪು ಕೊಟ್ರೆ ಅರ್ಧ ತೀರ್ಪು. ಆಜರಾದಲ್ಲಿ ಊಟಕ್ಕೆ ನಿಲ್ಲಿಸಿದ್ರೆ ಅಲ್ಲಿಯ ಘನಸಾಳ ಅಕ್ಕಿ ಕೇಳಿ ನೋಡಿ, ಜಿಐ ಟ್ಯಾಗ್ ಇರೋ ಘಮಘಮ ಅಕ್ಕಿ. ಕೊಲ್ಹಾಪುರದ ತಾಂಬಡಾ ರಸ್ಸಾ (ಕೆಂಪಗಿನ ಖಾರದ ಮಟನ್ ಸಾರು) ಮಾತ್ರ ಹೋಗುವಾಗ ಬೇಡ, ಹೊಟ್ಟೆ ತುಂಬ ಅದನ್ನ ಹೊಡೆದು ಘಾಟ್ ಇಳಿಯೋದು ನನಗಂತೂ ಸೇರಲ್ಲ.

ಅಂಬೋಲಿ ಇಳಿಯೋವಾಗ

ಘಾಟ್ ಇಳಿಯೋಕೆ ಮುಂಚೆ ಎಲ್ಲರೂ ಮತ್ತೆ ತಂತಮ್ಮ ಗಾಡಿಗೆ. ಇದ್ರಲ್ಲಿ ರಿಯಾಯಿತಿ ಇಲ್ಲ. ಲಗೇಜು ಹೊತ್ತ ಗೊತ್ತಿಲ್ಲದ ಗಾಡಿಯಲ್ಲಿ, ಸುಸ್ತಾದ ಮೈಯಲ್ಲಿ, ಹೇರ್‌ಪಿನ್ ಇಳಿಯೋದು ಹೋಲಿಕೆ ಅಲ್ಲ, ಹುಡುಗಾಟ. ಮೂರು ಗಂಟೆಯೊಳಗೆ ಇಳಿಯೋಕೆ ಶುರು ಮಾಡಿ, ಘಾಟ್ ಪಶ್ಚಿಮಕ್ಕೆ ಇಳಿಯೋದು, ಸಂಜೆಯಾದ್ರೆ ಬಿಸಿಲು ನೇರ ಕಣ್ಣಿಗೆ. ಎರಡನೇ ಮೂರನೇ ಗೇರಲ್ಲಿ ಎಂಜಿನ್ ಹಿಡಿತದ ಮೇಲೇ ಇಳೀರಿ, ಬ್ರೇಕ್ ಒತ್ತಿಕೊಂಡೇ ಇದ್ರೆ ಬಿಸಿಯಾಗಿ ಹಿಡಿತ ಹೋಗುತ್ತೆ. ತಿರುವಿಗೆ ಮುಂಚೆ ಹಾರ್ನ್, ಎದುರಿನ ಬಸ್ಸಿಗೆ ಜಾಗ ಬಿಟ್ಟೇ ತಿರುವು. ಸಾವಂತವಾಡಿಯಲ್ಲಿ ಮೋತಿ ತಲಾವ್ ದಂಡೆ ಮೇಲೆ ಹತ್ತು ನಿಮಿಷ ಕೂತು, ಮಕ್ಕಳಿರೋರು ಅಲ್ಲಿಯ ಮರದ ಆಟಿಕೆ ತಗೊಂಡು, ಬಾಂದಾ, ಪತ್ರಾದೇವಿ ಮೇಲೆ ಗೋವಾ ಒಳಗೆ.

ಗೋವಾದಲ್ಲಿ

ಬೀಚ್ ಮೇಲೆ ಗಾಡಿ ಇಳಿಸಬೇಡಿ, ನಿಷೇಧ ಇದೆ, ಪೊಲೀಸರು ಹಿಡೀತಾರೆ, ಮರಳೂ ಉಪ್ಪೂ ಚೈನ್ ತಿನ್ನುತ್ತೆ. ಕುಡಿದ ಮೇಲೆ ಬೀಗದ ಕೈ ಮುಟ್ಟಬೇಡಿ. ಪಾರ್ಕಿಂಗ್ ನೆಲ ಮೆತ್ತಗಿದ್ರೆ ಸೈಡ್ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲಿಡಿ, ರಾತ್ರಿ ಹಿಮಾಲಯನ್ ಮಲಗಿದ್ರೆ ಎಬ್ಬಿಸೋಕೆ ಇಬ್ಬರು ಬೇಕು.

ನಿಮಗೆ ಬೇಕಾದ ಗಾಡಿ ಯಾರ ಹತ್ರನೂ ಇಲ್ಲ ಅಂದ್ರೆ ಇಲ್ಲಿ ಒಂದು ದಿನಕ್ಕೆ ಬಾಡಿಗೆಗೆ ತಗೊಳ್ಳಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರೋದನ್ನೇ ತಗೊಳ್ಳಿ, ಬಿಳಿ ಪ್ಲೇಟಿನ ಪ್ರೈವೇಟ್ ಗಾಡಿ ಬಾಡಿಗೆಗೆ ಕೊಡೋದು ಕಾನೂನುಬಾಹಿರ. ತಗೊಳ್ಳೋ ಮುಂಚೆ ಗಾಡಿ ಸುತ್ತ ಒಂದು ವಿಡಿಯೋ ಮಾಡ್ಕೊಳ್ಳಿ, ಹಳೇ ಗೀರು ನಿಮ್ಮ ತಲೆಗೆ ಬರದ ಹಾಗೆ. ಬಾಡಿಗೆ ಗಾಡಿ ಎಷ್ಟೋ ಕೈ ದಾಟಿರುತ್ತೆ, ಅದರ ಕ್ಲಚ್, ಬ್ರೇಕ್ ನೋಡಿ ಆ ಮಾಡೆಲ್ಲೇ ಕೆಟ್ಟದು ಅನ್ನಬೇಡಿ, ಸೀಟು, ಎತ್ತರ, ಕೂರೋ ಭಂಗಿ ಇಷ್ಟು ಮಾತ್ರ ನೋಡ್ಕೊಳ್ಳಿ.

ವಾಪಸ್ ಬರೋವಾಗ

ಅದೇ ದಾರಿ ಬೇಡ. ಸಾಖಳಿ ಮೇಲೆ ಚೋರ್ಲಾ ಘಾಟ್ ಹತ್ತಿ, ಕಣಕುಂಬಿ, ಜಾಂಬೋಟಿ, ಬೆಳಗಾವಿ. ಕಣಕುಂಬಿ ಅಂದ್ರೆ ಮಲಪ್ರಭೆ ಹುಟ್ಟೋ ಊರು. ಘಾಟ್ ಹತ್ತೋದು ಇಳಿಯೋದಕ್ಕಿಂತ ಸುಲಭ, ಅಷ್ಟೊತ್ತಿಗೆ ಗಾಡಿಗಳ ಪರಿಚಯನೂ ಆಗಿರುತ್ತೆ, ಹಾಗಾಗಿ ಬದಲಾಯಿಸೋ ಆಸೆ ಇದ್ರೆ ಇಲ್ಲಿ ಮಾಡ್ಕೊಳ್ಳಿ. ಬೆಳಗಾವಿಯಲ್ಲಿ ಕುಂದಾ ಕಟ್ಟಿಸ್ಕೊಂಡು, ಊಟ ಮಾಡಿ, ಆಗ ಎಲ್ಲರೂ ತಂತಮ್ಮ ವಾಯ್ಸ್ ನೋಟ್ ಒಟ್ಟಿಗೆ ಹಾಕಿ ಕೇಳಿ. ಜಗಳ ಆಗೋದು ಇಲ್ಲೇ, ಆಗಲಿ.

ಕೇಳಿದ್ದನ್ನೆಲ್ಲ ಲೆಕ್ಕ ಹಾಕೋವಾಗ ಎಲ್ಲದಕ್ಕೂ ಒಂದೇ ತೂಕ ಕೊಡಬೇಡಿ. ವರ್ಷಕ್ಕೆ ಒಂದೆರಡು ಸಲ ಗೋವಾ, ಉಳಿದ ದಿನ ಪುಣೆಯ ಹಿಂಜವಡಿ ಸಿಗ್ನಲ್ಲಲ್ಲಿ ನಿಲ್ಲೋನಿಗೆ ಸ್ಕ್ರೀನ್‌ಗಿಂತ ಕ್ಲಚ್ ಹಗುರ ಇರೋದು, ಎಂಜಿನ್ ಬಿಸಿ ಕಾಲಿಗೆ ಹೊಡೆಯದೇ ಇರೋದು ದೊಡ್ಡದು. ಹೆಂಡತಿನೋ ಗಂಡನೋ ಹಿಂದೆ ಕೂರೋದಿದ್ರೆ ಪಿಲಿಯನ್ ಸೀಟಿನ ತೀರ್ಪು ಅವರೇ ಕೊಡಬೇಕು, ನೀವಲ್ಲ. ಎರಡು ಗಾಡಿಗೆ ಬಂದು ನಿಂತ್ರೆ ಆ ಎರಡರ ಓನರುಗಳನ್ನ ಕೇಳಿ, ಮುಂದಿನ ಸೋಮವಾರ ಮಂಗಳವಾರ ಒಂದೊಂದು ದಿನ ಅವರ ಗಾಡಿಯಲ್ಲಿ ಆಫೀಸಿಗೆ ಹೋಗಿ ಬನ್ನಿ. ಟ್ಯಾಂಕ್ ತುಂಬಿಸಿಯೇ ವಾಪಸ್ ಕೊಡಿ.